ಓದಿದ ಶಾಲೆಗೆ ಏನಾದರೂ ಮಾಡಬೇಕು ಅನ್ನಿಸಿದಾಗ: ಹಳೆ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಹತ್ತನೇ ಕ್ಲಾಸಿನ ವಾಟ್ಸಾಪ್ ಗುಂಪು ಇಲ್ಲದ ಬ್ಯಾಚ್ ಈಗ ಸಿಗುವುದೇ ಕಷ್ಟ. ಗುಡ್ ಮಾರ್ನಿಂಗ್, ಹುಟ್ಟುಹಬ್ಬದ ಕೇಕು, ರಾಜಕೀಯದ ಜಗಳ ಎಲ್ಲ ಆದಮೇಲೆ ಯಾರೋ ಒಬ್ಬರು ಕೇಳುತ್ತಾರೆ: "ನಾವು ಓದಿದ ಶಾಲೆಗೆ ಏನಾದ್ರೂ ಮಾಡ್ಬೇಕು ಅಲ್ವಾ?" ತಕ್ಷಣ ಸಾಲುಸಾಲಾಗಿ ಹೆಬ್ಬೆರಳುಗಳು ಬೀಳುತ್ತವೆ. ಎಷ್ಟೋ ಸಲ ಮಾತು ಅಲ್ಲಿಗೇ ನಿಲ್ಲುತ್ತದೆ. ಇಲ್ಲವೇ ಶಾಮಿಯಾನ, ಫ್ಲೆಕ್ಸು, ಶಾಲು, ಪೇಟ, ಹಣ್ಣಿನ ಬುಟ್ಟಿ, ಹೋಳಿಗೆ ಊಟದ ಗುರುವಂದನೆ ಜೋರಾಗಿ ನಡೆದು, ಉಳಿದ ಚಿಲ್ಲರೆಯಲ್ಲಿ ಶಾಲೆಗೆ ಒಂದು ಗೋಡೆ ಗಡಿಯಾರ ಬರುತ್ತದೆ.

ಗುರುವಂದನೆ ಬೇಡ ಅಂತಲ್ಲ. ನಿವೃತ್ತರಾದ ಮೇಷ್ಟ್ರು, ಟೀಚರ್‌ಗಳಿಗೆ ಅದರಿಂದ ಸಿಗುವ ಖುಷಿ ಸಣ್ಣದಲ್ಲ. ಆದರೆ ಅದು ಅವರಿಗೆ ಸಂದದ್ದು. ಈಗ ಅದೇ ಬೆಂಚಿನ ಮೇಲೆ ಕೂತಿರುವ ಮಗುವಿಗೆ ಏನು ಸಂತು ಅನ್ನುವುದು ಬೇರೆ ಲೆಕ್ಕ. ಈ ಲೇಖನ ಆ ಎರಡನೇ ಲೆಕ್ಕದ್ದು. ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಶಾಲೆಗಳಿಗೆ ಹೊಸದಾಗಿ ಕಟ್ಟಿಸಿಕೊಡುವವರಿಗಿಂತ, ಇರುವುದು ದಿನಾ ನಡೆಯುವ ಹಾಗೆ ನೋಡಿಕೊಳ್ಳುವವರು ಜಾಸ್ತಿ ಬೇಕಾಗಿದ್ದಾರೆ.

ಮೊದಲು ಸುಮ್ನೆ ಹೋಗಿ ನೋಡಿ

ಹೋಗುವ ಮುಂಚೆ ಶಾಲೆಯ ಯು-ಡೈಸ್ ಸಂಖ್ಯೆ ಹುಡುಕಿಟ್ಟುಕೊಳ್ಳಿ. ದೇಶದ ಪ್ರತಿ ಶಾಲೆಗೂ 11 ಅಂಕಿಯ ಒಂದು ಸಂಖ್ಯೆ ಇದೆ. ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಒಂದೇ ಹೆಸರಿನ ಊರುಗಳು, ಒಂದೇ ಊರಿನಲ್ಲಿ ಎರಡು ಮೂರು ಶಾಲೆಗಳು ಇರುವಾಗ ಅರ್ಜಿ, ಪತ್ರ, ಕಂಪನಿಯ ನೆರವು ಎಲ್ಲಕ್ಕೂ ಈ ಸಂಖ್ಯೆಯೇ ಆಧಾರ. ಯು-ಡೈಸ್ ಜಾಲತಾಣದಲ್ಲಿ ಮಕ್ಕಳೆಷ್ಟು, ಶಿಕ್ಷಕರೆಷ್ಟು ಅನ್ನುವುದೂ ಸಿಗುತ್ತದೆ.

ಆಮೇಲೆ ಮುಖ್ಯಶಿಕ್ಷಕರಿಗೆ ಫೋನ್ ಮಾಡಿ, ಒಂದು ಮಾಮೂಲಿ ಕೆಲಸದ ದಿನ ಹೋಗಿ. ಆಗಸ್ಟ್ 15 ಬೇಡ. ಅವತ್ತು ಎಲ್ಲ ಶಾಲೆಯೂ ಚೆನ್ನಾಗಿಯೇ ಕಾಣುತ್ತದೆ. ಬೆಳಗಿನ ಪ್ರಾರ್ಥನೆಯಿಂದ ಬಿಸಿಯೂಟ ಮುಗಿಯುವ ತನಕ ಇದ್ದರೆ ಸಾಕು. ಹಾರ ತರಿಸಬೇಡಿ, ಭಾಷಣ ಒಪ್ಪಿಕೊಳ್ಳಬೇಡಿ.

ಶೌಚಾಲಯದಿಂದ ನೋಡಲು ಶುರು ಮಾಡಿ. ಕಟ್ಟಡ ಇರುತ್ತದೆ, ಅದರ ಮೇಲೆ ಯೋಜನೆಯ ಹೆಸರೂ ಇರುತ್ತದೆ. ಒಳಗೆ ನಲ್ಲಿ ತಿರುಗಿಸಿ ನೋಡಿ, ನೀರು ಬರುತ್ತದಾ? ಬಾಗಿಲಿಗೆ ಒಳಗಿಂದ ಚಿಲಕ ಇದೆಯಾ? ಚಿಲಕ ಕಿತ್ತುಹೋದ ಕಡೆ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಅಷ್ಟು ರಗಳೆ ಬೇಡ ಅಂತ ಬೆಳಿಗ್ಗೆಯಿಂದ ಸಂಜೆವರೆಗೂ ನೀರೇ ಕುಡಿಯದ ಹೆಣ್ಣುಮಕ್ಕಳಿದ್ದಾರೆ. ಚಿಲಕ, ಎರಡು ತಿರುಪು, ಒಂದು ಬಕೆಟ್ಟು, ಮಗ್ಗು: ಅವತ್ತೇ ಊರಿನ ಹಾರ್ಡ್‌ವೇರ್ ಅಂಗಡಿಯಿಂದ ತಂದು ಮುಗಿಸಬಹುದಾದ ಕೆಲಸ ಇದು. ಲಕ್ಷಾಂತರ ರೂಪಾಯಿಯ ಯೋಜನೆ ಹಾಕಿಕೊಂಡು ಬಂದವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಮಳೆಗಾಲದಲ್ಲಿ ಸೋರಿದ ಗುರುತು ಗೋಡೆಯ ಮೇಲೆ ಹಾಗೇ ಇರುತ್ತದೆ, ನೋಡಿ. ಸ್ವಿಚ್ ಬೋರ್ಡ್ ನೋಡಿ. ಪುಸ್ತಕದ ಬೀರುವಿನ ಬೀಗ ತುಕ್ಕು ಹಿಡಿದಿದೆಯಾ ನೋಡಿ. ಹಿಡಿದಿದ್ದರೆ ಆ ಶಾಲೆಗೆ ಸದ್ಯಕ್ಕೆ ಇನ್ನಷ್ಟು ಪುಸ್ತಕ ಬೇಕಾಗಿಲ್ಲ.

ಮಾತಾಡಿಸಬೇಕಾದವರು ಹೆಡ್ ಮೇಷ್ಟ್ರು ಒಬ್ಬರೇ ಅಲ್ಲ. ಅಡುಗೆಯವರನ್ನು ಮಾತಾಡಿಸಿ. ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬರುತ್ತದೆ, ಬೋರ್‌ವೆಲ್ ಯಾವ ತಿಂಗಳು ಬತ್ತುತ್ತದೆ, ರಜೆಯಲ್ಲಿ ಆವರಣಕ್ಕೆ ಯಾರು ನುಗ್ಗುತ್ತಾರೆ ಎಲ್ಲ ಅವರಿಗೆ ಗೊತ್ತು. ಶಿಕ್ಷಕರಿಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: "ತಿಂಗಳಿಗೆ ನಿಮ್ಮ ಕೈಯಿಂದ ಏನೇನಕ್ಕೆ ದುಡ್ಡು ಹಾಕ್ತೀರಿ?" ಮೊದಲು ನಗುತ್ತಾರೆ. ಆಮೇಲೆ ಒಂದೊಂದೇ ಬರುತ್ತದೆ: ಜೆರಾಕ್ಸು, ಪ್ರಿಂಟರ್ ಇಂಕು, ಫಿನಾಯಿಲ್, ಪೊರಕೆ, ಟ್ಯೂಬ್‌ಲೈಟು, ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಕರೆದೊಯ್ಯುವ ಆಟೋ ಬಾಡಿಗೆ. ಇದಕ್ಕಿಂತ ಒಳ್ಳೆಯ ಪಟ್ಟಿ ನಿಮಗೆ ಎಲ್ಲೂ ಸಿಗುವುದಿಲ್ಲ. ಬರೆದಿಟ್ಟುಕೊಳ್ಳಿ.

ಸರ್ಕಾರ ಕೊಡುವುದನ್ನೇ ಮತ್ತೆ ಕೊಡಬೇಡಿ

ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್ ಸರ್ಕಾರದಿಂದ ಬರುತ್ತವೆ. ಮಧ್ಯಾಹ್ನ ಬಿಸಿಯೂಟ ಇದೆ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಇದೆ. ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಇದೆ. ಬರುವುದು ತಡವಾಗಬಹುದು, ಅಳತೆ ಹೆಚ್ಚುಕಡಿಮೆ ಆಗಬಹುದು. ಈ ವರ್ಷ ನಿಮ್ಮ ಶಾಲೆಗೆ ಏನು ಬಂದಿದೆ, ಏನು ಬಂದಿಲ್ಲ ಅಂತ ಕೇಳಿಕೊಂಡು ಮುಂದುವರಿಯಿರಿ. ರಸ್ತೆ ಪಕ್ಕದ ಶಾಲೆಗಳಲ್ಲಿ ಒಂದೇ ವರ್ಷ ಮೂರು ಬ್ಯಾಗು ಸಿಕ್ಕ ಮಕ್ಕಳಿದ್ದಾರೆ. ಅಲ್ಲಿಂದ ಒಳಗೆ ನಾಲ್ಕು ಕಿಲೋಮೀಟರ್ ಹೋದರೆ ಒಂದೂ ಸಿಗದವರಿದ್ದಾರೆ. ಕಾರು ಸಲೀಸಾಗಿ ಹೋಗುವ ಕಡೆಗೇ ದಾನಿಗಳೂ ಹೋಗುತ್ತಾರೆ, ಏನು ಮಾಡುವುದು.

ಎಸ್‌ಡಿಎಂಸಿಯನ್ನು ಬಿಟ್ಟು ಹೆಜ್ಜೆ ಇಡಬೇಡಿ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, 2001ರಿಂದ ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿದೆ. ಪೋಷಕರಲ್ಲೇ ಒಬ್ಬರು ಅಧ್ಯಕ್ಷರು, ಮುಖ್ಯಶಿಕ್ಷಕರು ಕಾರ್ಯದರ್ಶಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದಮೇಲೆ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಅನ್ನುವ ನಿಯಮವಿದೆ.

ನೀವು ಎಷ್ಟೇ ದೊಡ್ಡ ಹುದ್ದೆಯಲ್ಲಿರಿ, ಶಾಲೆಯ ಮಟ್ಟಿಗೆ ಈಗ ಹೊರಗಿನವರು. ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿರುವವರು ಊರಿನವರು. ಅವರನ್ನು ಕೇಳದೆ ಬಣ್ಣ ಹೊಡೆಸಿದರೂ ಒಂದು ಕೊಸರು ಉಳಿಯುತ್ತದೆ. "ಬೆಂಗಳೂರಿನವ್ರು ಬಂದು ಅವ್ರಿಗೆ ಬೇಕಾದ್ದು ಮಾಡಿ ಹೋದ್ರು" ಅಂತ ಊರಲ್ಲಿ ಮಾತು ಹುಟ್ಟಿದರೆ, ನೀವು ಕೊಟ್ಟ ವಸ್ತು ಕೆಟ್ಟಾಗ ರಿಪೇರಿಗೆ ಯಾರೂ ಮುಂದೆ ಬರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಸಮಿತಿಯ ಸಭೆಗೆ ಹೋಗಿ ಕೂತು ಮಾತಾಡಿ. ಏನು ಕೊಡುತ್ತೀರಿ ಅನ್ನುವುದು ನಡಾವಳಿ ಪುಸ್ತಕದಲ್ಲಿ ಬರೆಯಲ್ಪಡಲಿ. ಹಣ ಕೊಡುವುದಾದರೆ ಮುಖ್ಯಶಿಕ್ಷಕರು ಮತ್ತು ಅಧ್ಯಕ್ಷರ ಜಂಟಿ ಖಾತೆಗೆ ಹಾಕಿ, ರಸೀದಿ ತೆಗೆದುಕೊಳ್ಳಿ. ಯಾರ ಸ್ವಂತ ಫೋನ್‌ಪೇ ನಂಬರಿಗೂ ಹಾಕಬೇಡಿ. ಇದು ಅಪನಂಬಿಕೆಯ ಮಾತಲ್ಲ, ನಾಳೆ ಆ ಮೇಷ್ಟ್ರಿಗೇ ತೊಂದರೆ ಆಗಬಾರದಲ್ಲ. ವಸ್ತು ಕೊಟ್ಟರೆ ಅದು ಶಾಲೆಯ ದಾಸ್ತಾನು ಪುಸ್ತಕಕ್ಕೆ ಏರಬೇಕು. ಏರದ ಕುರ್ಚಿ, ಏರದ ಮೈಕು ನಿಧಾನಕ್ಕೆ ಊರಿನ ಮದುವೆಮನೆಗಳ ಪಾಲಾಗುತ್ತವೆ.

ಅನುದಾನಿತ ಶಾಲೆಯಲ್ಲಿ ಓದಿದವರಾದರೆ ಮಾತಾಡಬೇಕಾದದ್ದು ಆಡಳಿತ ಮಂಡಳಿಯ ಜೊತೆ. ಅಲ್ಲಿ ಟ್ರಸ್ಟ್ ಇರುತ್ತದೆ, ಲೆಕ್ಕದ ದಾರಿ ಸ್ವಲ್ಪ ಸುಲಭ.

ಏನು ಕೊಡಬಹುದು

ಶುಚಿತ್ವಕ್ಕೆ ತಿಂಗಳ ಸಂಬಳ. ನನ್ನ ಲೆಕ್ಕದಲ್ಲಿ ಇದೇ ಮೊದಲು. ಶೌಚಾಲಯ ತೊಳೆಯಲೆಂದೇ ಜನ ಇರುವ ಸರ್ಕಾರಿ ಪ್ರಾಥಮಿಕ ಶಾಲೆ ಕಡಿಮೆ. ಮಕ್ಕಳ ಕೈಲಿ ತೊಳೆಸುವ ಹಾಗಿಲ್ಲ, ತೊಳೆಸಲೂಬಾರದು. ಹಾಗಾಗಿ ಬೀಗ ಬೀಳುತ್ತದೆ. ಬ್ಯಾಚಿನ 30 ಜನ ತಿಂಗಳಿಗೆ ನೂರು ನೂರು ರೂಪಾಯಿ ಹಾಕಿದರೆ 3,000 ಆಯಿತು. ದಿನಕ್ಕೊಂದು ಗಂಟೆ ಬಂದು ಶುಚಿ ಮಾಡಿ ಹೋಗುವವರಿಗೆ ಎಷ್ಟು ಕೊಡಬೇಕು ಅನ್ನುವುದನ್ನು ಊರಿನ ಕೂಲಿ ನೋಡಿ ಸಮಿತಿಯವರೇ ನಿಗದಿ ಮಾಡಲಿ. ಹತ್ತು ತಿಂಗಳಿಗೆ 30,000 ರೂಪಾಯಿ. ಒಂದು ಗುರುವಂದನೆಯ ಶಾಮಿಯಾನ, ಊಟದ ಖರ್ಚು ಇದಕ್ಕಿಂತ ಜಾಸ್ತಿ. ಇದರಲ್ಲಿ ನಿಮ್ಮ ಹೆಸರಿನ ಕಲ್ಲು ಹಾಕಿಸುವುದಕ್ಕೆ ಜಾಗ ಇಲ್ಲ, ಅದೊಂದು ಕೊರತೆ.

ಶಿಕ್ಷಕರ ಕೊರತೆ ಇದ್ದರೆ ಗೌರವ ಶಿಕ್ಷಕರು. ದಕ್ಷಿಣ ಕನ್ನಡ, ಉಡುಪಿ ಕಡೆ ಹಳೆ ವಿದ್ಯಾರ್ಥಿ ಸಂಘಗಳು ಇದನ್ನು ಮಾಡಿಕೊಂಡು ಬಂದಿವೆ. ಎಷ್ಟೋ ಶಾಲೆಗಳು ಉಳಿದಿರುವುದೇ ಸಂಘದವರು ಸಂಬಳ ಕೊಡುವ ಒಬ್ಬ ಟೀಚರ್, ಒಂದು ಶಾಲಾ ವಾಹನದಿಂದ. ಆದರೆ ಕೈ ಹಾಕಿದರೆ ಜೂನ್‌ನಿಂದ ಮಾರ್ಚ್‌ವರೆಗಿನ ಹಣ ಮೊದಲೇ ಕೂಡಿಸಿಟ್ಟುಕೊಂಡು ಹಾಕಿ. ನವೆಂಬರ್‌ನಲ್ಲಿ ಸಂಬಳ ನಿಂತು ಟೀಚರ್ ಬಿಟ್ಟು ಹೋದರೆ ಮಕ್ಕಳಿಗೆ ಅರ್ಧ ವರ್ಷ ಹೋಯಿತು. ಸರ್ಕಾರ ಅತಿಥಿ ಶಿಕ್ಷಕರನ್ನು ಕೊಡುತ್ತದಾ ಅಂತ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಕಚೇರಿಯಲ್ಲಿ ಕೇಳಿ. ಅವರು ಕೊಡಬೇಕಾದ್ದನ್ನು ನಾವು ಕೊಟ್ಟು ಅವರಿಗೆ ಬಿಡುವು ಮಾಡಿಕೊಡಬಾರದು.

ದತ್ತಿನಿಧಿ ಹಳೇ ಪದ್ಧತಿ, ಈಗಲೂ ಒಳ್ಳೆಯದೇ. ಅಪ್ಪನ ಹೆಸರಲ್ಲೋ ಮೇಷ್ಟ್ರ ಹೆಸರಲ್ಲೋ ಒಂದು ಮೊತ್ತ ಠೇವಣಿ ಇಟ್ಟು, ಬಡ್ಡಿಯಲ್ಲಿ ಪ್ರತಿ ವರ್ಷ ಬಹುಮಾನ ಕೊಡುವುದು. 50,000 ಇಟ್ಟರೆ ಶೇ. 6.5ರ ಬಡ್ಡಿಯಲ್ಲಿ ವರ್ಷಕ್ಕೆ 3,250 ಬರುತ್ತದೆ. ಮೊತ್ತ ಸಣ್ಣದಿದ್ದರೆ ಹತ್ತು ವರ್ಷದಲ್ಲಿ ಅದಕ್ಕೆ ಬೆಲೆಯೇ ಇರುವುದಿಲ್ಲ. 1980ರ ದಶಕದಲ್ಲಿ ಇಟ್ಟ ಐನೂರು, ಸಾವಿರ ರೂಪಾಯಿಯ ದತ್ತಿಗಳ ಫಲಕ ಇನ್ನೂ ಗೋಡೆಯ ಮೇಲಿದೆ, ಬಡ್ಡಿಯಲ್ಲಿ ಇವತ್ತು ಒಂದು ಒಳ್ಳೆ ಪೆನ್ನೂ ಬರುವುದಿಲ್ಲ. ಬಹುಮಾನ "ಅತಿ ಹೆಚ್ಚು ಅಂಕ"ಕ್ಕೇ ಇರಬೇಕು ಅಂತೇನೂ ಇಲ್ಲ. ಅಂಥವು ಈಗಾಗಲೇ ನಾಲ್ಕಿರುತ್ತವೆ, ಅದೇ ಮಗು ನಾಲ್ಕನ್ನೂ ತೆಗೆದುಕೊಳ್ಳುತ್ತದೆ. ಕಳೆದ ವರ್ಷಕ್ಕಿಂತ ಗಣಿತದಲ್ಲಿ ಜಾಸ್ತಿ ಸುಧಾರಿಸಿದವರಿಗೆ, ವರ್ಷಪೂರ್ತಿ ತಪ್ಪದೆ ಬಂದವರಿಗೆ ಕೊಡಿ. ಆಯ್ಕೆ ಹೇಗೆ, ಖಾತೆ ಯಾರ ಹೆಸರಲ್ಲಿ, ನೀವು ಇಲ್ಲದ ಕಾಲಕ್ಕೆ ಏನು ಅಂತ ಬರೆದು ಸಹಿ ಹಾಕಿಡಿ.

ಪುಸ್ತಕ ಕೊಡುವವರು ಮನೆಯ ಅಟ್ಟ ಖಾಲಿ ಮಾಡಬೇಡಿ. ಹಳೇ ಸಿಇಟಿ ಗೈಡು ನಾಲ್ಕನೇ ಕ್ಲಾಸಿಗೆ ಯಾಕೆ? ದೊಡ್ಡ ಅಕ್ಷರ, ಕಡಿಮೆ ಪುಟ, ಜಾಸ್ತಿ ಚಿತ್ರದ ಕನ್ನಡ ಪುಸ್ತಕ ಕೊಳ್ಳಿ. ಜೊತೆಗೆ ನಾಲ್ಕು ಮೊಳೆ, ಒಂದು ಗಟ್ಟಿ ದಾರ. ದಾರಕ್ಕೆ ನೇತುಹಾಕಿದ ಪುಸ್ತಕ ಮಕ್ಕಳ ಕೈಗೆ ಸಿಗುತ್ತದೆ. ಹರಿದರೆ ಲೆಕ್ಕ ಕೇಳುವುದಿಲ್ಲ ಅಂತ ಬಾಯಿಬಿಟ್ಟು ಹೇಳಿ. ಲೆಕ್ಕ ಕೇಳುತ್ತಾರೆ ಅನ್ನುವ ಭಯಕ್ಕೇ ಬೀರುಗಳು ತೆರೆಯುವುದಿಲ್ಲ.

ಸ್ಮಾರ್ಟ್ ಟಿವಿ, ಕಂಪ್ಯೂಟರ್ ಕೊಡುವ ಮುಂಚೆ ಮೂರು ವಿಷಯ ನೋಡಿ: ಭದ್ರವಾದ ಬಾಗಿಲಿನ ಕೋಣೆ, ಸರಿಯಾದ ಅರ್ತಿಂಗ್ ಇರುವ ವೈರಿಂಗು, ಮತ್ತು ಅದನ್ನು ಬಳಸುತ್ತೇನೆ ಅಂತ ತಾವಾಗಿ ಹೇಳಿದ ಒಬ್ಬ ಶಿಕ್ಷಕರು. ಇದರಲ್ಲಿ ಒಂದಿಲ್ಲದಿದ್ದರೂ ಸದ್ಯಕ್ಕೆ ಬೇಡ.

ದುಡ್ಡಿಲ್ಲದವರು ಕೊಡಬಹುದಾದ್ದು

ಇದನ್ನು ಎರಡನೇ ದರ್ಜೆಯ ಕೊಡುಗೆ ಅಂದುಕೊಳ್ಳಬೇಡಿ. ಹಣಕ್ಕಿಂತ ಇದೇ ಜಾಸ್ತಿ ಕೆಲಸ ಮಾಡುತ್ತದೆ.

ಎಂಟನೇ ಕ್ಲಾಸಿನ ಮಕ್ಕಳಿಗೆ ಎನ್‌ಎಂಎಂಎಸ್ ಅನ್ನುವ, ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಸರ್ಕಾರಿ, ಅನುದಾನಿತ ಶಾಲೆಯವರಿಗೆ ಮಾತ್ರ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಎರಡು ಪತ್ರಿಕೆ, ಒಂದರಲ್ಲಿ ಬುದ್ಧಿಶಕ್ತಿಯ ಲೆಕ್ಕಗಳು, ಇನ್ನೊಂದರಲ್ಲಿ ಪಾಠದ ವಿಷಯಗಳು. ಶನಿವಾರ ಭಾನುವಾರ ಎರಡೆರಡು ಗಂಟೆ ಹಳೇ ಪ್ರಶ್ನೆಪತ್ರಿಕೆ ಬಿಡಿಸುವುದನ್ನು ಕಲಿಸಿದರೆ ಸಾಕು. ನಿಮ್ಮ ಪಾಠದಿಂದ ಇಬ್ಬರು ಪಾಸಾದರೂ ಶಾಲೆಯ ಮಕ್ಕಳಿಗೆ ನೀವು 96,000 ರೂಪಾಯಿ ತರಿಸಿಕೊಟ್ಟ ಹಾಗಾಯಿತು. ಐದನೇ ಕ್ಲಾಸಿನವರಿಗೆ ಇದೇ ರೀತಿ ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗಳಿವೆ. ನವೋದಯದ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಸೀಟುಗಳಲ್ಲಿ ಕನಿಷ್ಠ ಶೇ. 75 ಹಳ್ಳಿ ಮಕ್ಕಳಿಗೆ. ಎಷ್ಟೋ ಮನೆಗಳಿಗೆ ಇದು ಗೊತ್ತಾಗುವ ಹೊತ್ತಿಗೆ ಅರ್ಜಿಯ ಕೊನೆ ದಿನ ಮುಗಿದಿರುತ್ತದೆ.

ಇನ್ನು ಕಾಗದಪತ್ರ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲಾತಿಯಲ್ಲಿ ಇನ್ನೊಂದು. ಒಂದು ಕಡೆ ಇನಿಶಿಯಲ್ ಹಿಂದೆ, ಇನ್ನೊಂದು ಕಡೆ ಮುಂದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಇಷ್ಟಕ್ಕೇ ವಿದ್ಯಾರ್ಥಿವೇತನ ನಿಂತುಹೋಗುತ್ತದೆ. ಕೂಲಿ ಬಿಟ್ಟು ನಾಡಕಚೇರಿಗೆ ಎರಡು ಸಲ ಅಲೆದ ತಾಯಿ ಮೂರನೇ ಸಲ ಹೋಗುವುದಿಲ್ಲ. ಮೇ ತಿಂಗಳಲ್ಲಿ ನಾಲ್ಕು ಜನ ಗೆಳೆಯರು ಲ್ಯಾಪ್‌ಟಾಪ್ ಹಿಡಿದು ಶಾಲೆಯಲ್ಲಿ ಕೂತು ಪ್ರತಿ ಮಗುವಿನ ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಖಾತೆ ತಾಳೆ ನೋಡಿದರೆ ಎಷ್ಟೋ ಮನೆಗಳ ಆ ವರ್ಷದ ಅಲೆದಾಟ ತಪ್ಪುತ್ತದೆ.

ಜಾಗದ ದಾಖಲೆಯೂ ಹೀಗೇ. ಯಾರೋ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟ ಜಾಗದಲ್ಲಿ ಶಾಲೆ ನಿಂತಿರುತ್ತದೆ, ಪಹಣಿ ಇನ್ನೂ ಅವರ ಮನೆತನದ ಹೆಸರಲ್ಲೇ ಇರುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಭೂಮಿಗೆ ಬೆಲೆ ಬಂದಾಗ ತಕರಾರು ಶುರು. ಬ್ಯಾಚಿನಲ್ಲಿ ವಕೀಲರೋ ಕಂದಾಯ ಇಲಾಖೆಯವರೋ ಇದ್ದರೆ, ದಾನಪತ್ರ ನೋಂದಣಿ ಮಾಡಿಸಿ ಖಾತೆ ಶಾಲೆಯ ಹೆಸರಿಗೆ ಬರುವವರೆಗೆ ಬೆನ್ನು ಹತ್ತಲಿ. ಸರ್ವೆ ಮಾಡಿಸಿ ಗಡಿ ಕಲ್ಲು ನೆಡಿಸುವುದು ಕಾಂಪೌಂಡ್ ಕಟ್ಟಿಸುವುದಕ್ಕಿಂತ ಮೊದಲ ಕೆಲಸ.

ಕಚೇರಿ ಅಲೆಯುವುದಕ್ಕೆ ಎಷ್ಟು ಬೆಲೆ ಇದೆ ಅನ್ನುವುದಕ್ಕೆ ಹರೇಕಳ ಹಾಜಬ್ಬನವರನ್ನು ನೋಡಿ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಅವರಿಗೆ ತೀರಿಸಬೇಕಾದ ಶಾಲೆಯ ಋಣವೂ ಇರಲಿಲ್ಲ. ಆದರೂ ತಮ್ಮೂರಿನ ನ್ಯೂಪಡ್ಪುವಿಗೆ ಶಾಲೆ ಬರುವ ತನಕ ಬಿಡಲಿಲ್ಲ. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಕಿತ್ತಳೆ ಮಾರಿ ಉಳಿಸಿದ ದುಡ್ಡು ದೊಡ್ಡದೇ, ಆದರೆ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ನಡೆದ ನಡಿಗೆ ಅದಕ್ಕಿಂತ ದೊಡ್ಡದು ಅನ್ನುತ್ತೇನೆ.

ಕಟ್ಟಡವೇ ಕಟ್ಟಿಸುತ್ತೇವೆ ಅನ್ನುವವರು

ಸರ್ಕಾರಿ ಶಾಲೆಯ ಆವರಣದಲ್ಲಿ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಗೋಡೆಯನ್ನೂ ಎಬ್ಬಿಸಬೇಡಿ, ಒಂದು ಗೋಡೆಯನ್ನೂ ಕೆಡವಬೇಡಿ. ಎಸ್‌ಡಿಎಂಸಿ ನಡಾವಳಿ, ನಕ್ಷೆ, ಅಂದಾಜು ಪಟ್ಟಿ ಇಟ್ಟು ಕ್ಷೇತ್ರ ಶಿಕ್ಷಣಾಧಿಕಾರಿಗೆ ಪತ್ರ ಕೊಡಿ, ಲಿಖಿತ ಅನುಮತಿ ಬರಲಿ. ಕಾಂಪೌಂಡು, ಶೌಚಾಲಯದಂಥ ಕೆಲಸಕ್ಕೆ ಮೊದಲು ಗ್ರಾಮ ಪಂಚಾಯಿತಿಯ ಪಿಡಿಒ ಅವರನ್ನು ಕಾಣಿ. ಎಷ್ಟೋ ಕಡೆ ಇವು ಉದ್ಯೋಗ ಖಾತರಿ ಹಣದಲ್ಲೇ ಆಗಿವೆ. ಸರ್ಕಾರದ ಹಣ ಸಿಗುವ ಕೆಲಸಕ್ಕೆ ನಿಮ್ಮ ಹಣ ಯಾಕೆ? ಹೊಸ ಕೋಣೆಗಿಂತ ಹಂಚು ತಿರುವಿಸುವುದು, ಸೋರುವ ಛಾವಣಿ ಸರಿಮಾಡಿಸುವುದು ಅಗ್ಗ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಶಾಲೆಗೆ ಹೊಸ ಕೋಣೆ ಬೇಕಾಗಿಯೂ ಇರುವುದಿಲ್ಲ.

ಲೆಕ್ಕ, ತೆರಿಗೆ, ವಿದೇಶದ ಹಣ

ವರ್ಷಕ್ಕೊಮ್ಮೆ ಏನೋ ಕೊಟ್ಟು ಬರುವ ಗುಂಪಿಗೆ ನೋಂದಣಿ ಬೇಕಿಲ್ಲ. ಒಬ್ಬ ಖಜಾಂಚಿ, ಗುಂಪಿನಲ್ಲಿ ಎಲ್ಲರಿಗೂ ಕಾಣುವ ಒಂದು ಲೆಕ್ಕದ ಹಾಳೆ ಸಾಕು. ಸಂಬಳ, ದತ್ತಿ ಅಂತ ಪ್ರತಿ ವರ್ಷ ಹಣ ಓಡಾಡುವುದಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಿ. ಕನಿಷ್ಠ ಏಳು ಜನ ಬೇಕು. ಪ್ರತಿ ವರ್ಷ ಸಭೆ ಮಾಡಿ ಲೆಕ್ಕ ಸಲ್ಲಿಸುವ ತಾಳ್ಮೆ ಇದ್ದರೆ ಮಾತ್ರ ಈ ಉಸಾಬರಿ.

ಎಸ್‌ಡಿಎಂಸಿ ಖಾತೆಗೆ ಹಾಕಿದ ಹಣಕ್ಕೆ 80ಜಿ ತೆರಿಗೆ ವಿನಾಯಿತಿ ತಾನಾಗಿ ಸಿಗುತ್ತದೆ ಅಂದುಕೊಳ್ಳಬೇಡಿ. ಆ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೆ ಮಾತ್ರ ಅದು. ಅಲ್ಲೂ 2,000 ರೂಪಾಯಿ ಮೀರಿದ ನಗದಿಗೆ ಇಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ.

ಹೊರದೇಶದಲ್ಲಿರುವ ಗೆಳೆಯರು ಇದನ್ನು ಗಮನವಿಟ್ಟು ಓದಿ. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದರೆ, ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಮೆರಿಕದ್ದೋ ಬ್ರಿಟನ್ನಿನದೋ ಪೌರತ್ವ ಪಡೆದಿದ್ದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅಲ್ಲಿನ ಕನ್ನಡ ಕೂಟ ಚಂದಾ ಎತ್ತಿ ಕಳಿಸಿದ್ದೂ ಅಷ್ಟೇ. ಅಂಥ ಹಣ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆಯ ಮೂಲಕವೇ ಬರಬೇಕು. ಹಳ್ಳಿಯ ಸಂಘದ ಖಾತೆಗೆ ನೇರವಾಗಿ ಹಾಕಿ ಅಲ್ಲಿನವರನ್ನು ಪೇಚಿಗೆ ಸಿಕ್ಕಿಸಬೇಡಿ.

ಗೆಳೆಯರ ಗುಂಪೇ ಇಲ್ಲದೆ ಒಬ್ಬರೇ ಮಾಡಬೇಕು ಅನ್ನುವವರಿಗೆ ಕೇಂದ್ರ ಸರ್ಕಾರದ ವಿದ್ಯಾಂಜಲಿ ಜಾಲತಾಣ ಇದೆ. ಈಗಿನ ರೂಪದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು. ಶಾಲೆಗಳು ತಮಗೆ ಬೇಕಾದ್ದನ್ನು ಅದರಲ್ಲಿ ಹಾಕಬಹುದು, ನೀವು ವಸ್ತುವನ್ನೋ ಸಮಯವನ್ನೋ ಕೊಡಲು ಹೆಸರು ಬರೆಸಬಹುದು.

ಫೋಟೋ ವಿಷಯ

ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನೋಟ್‌ಬುಕ್ಕಿನ ಒಂದು ತುದಿ ನೀವು, ಒಂದು ತುದಿ ಮಗು ಹಿಡಿದು ಕ್ಯಾಮೆರಾ ನೋಡುವ ಫೋಟೋ ಬೇಡ. ಆ ಮಗುವಿಗೂ ಮುಂದೆ ಒಂದು ವಾಟ್ಸಾಪ್ ಗುಂಪು ಇರುತ್ತದೆ. ವಸ್ತುವಿನ ಫೋಟೋ, ರಸೀದಿಯ ಫೋಟೋ ಹಾಕಿ. "ಬಡ ಮಕ್ಕಳು" ಅಂತ ಬ್ಯಾನರಿನಲ್ಲಿ ಬರೆಸಬೇಡಿ. ಪಾಠ ಮಾಡಲು ಹೋದವರು ಶಿಕ್ಷಕರೊಬ್ಬರು ಕೋಣೆಯಲ್ಲಿರುವ ಹಾಗೆ ನೋಡಿಕೊಳ್ಳಿ, ಮಕ್ಕಳ ಫೋನ್ ನಂಬರ್ ತೆಗೆದುಕೊಳ್ಳಬೇಡಿ.

ನೀವು ಓದಿದ ಶಾಲೆಯೇ ಇಲ್ಲದಿದ್ದರೆ

ಮಕ್ಕಳಿಲ್ಲದೆ ಬಾಗಿಲು ಹಾಕಿದ, ಪಕ್ಕದೂರಿನ ಶಾಲೆಗೆ ಸೇರಿಹೋದ ಶಾಲೆಗಳು ಮಲೆನಾಡಿನಲ್ಲಿ, ಕರಾವಳಿಯಲ್ಲಿ ಬೇಕಾದಷ್ಟಿವೆ. ಖಾಲಿ ಕಟ್ಟಡಕ್ಕೆ ಬಣ್ಣ ಹೊಡೆಸಿ ಪ್ರಯೋಜನವಿಲ್ಲ. ನಿಮ್ಮ ಊರಿನ ಮಕ್ಕಳು ಈಗ ಯಾವ ಶಾಲೆಗೆ ಹೋಗುತ್ತಿದ್ದಾರೆ ಅಂತ ಬಿಇಒ ಕಚೇರಿಯಲ್ಲೋ ಸುತ್ತಲಿನ ಕೆಲವು ಶಾಲೆಗಳ ಗುಂಪನ್ನು (ಕ್ಲಸ್ಟರ್) ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಅವರನ್ನೋ ಕೇಳಿ. ನಿಮ್ಮ ಕಾಲದ ದಾಖಲಾತಿ ಪುಸ್ತಕ ಎಲ್ಲಿದೆ ಅನ್ನುವುದನ್ನೂ ಅಲ್ಲೇ ವಿಚಾರಿಸಬಹುದು. ಕಿರಿಯ ಪ್ರಾಥಮಿಕ ಶಾಲೆ ಮನೆಯಿಂದ 1 ಕಿ.ಮೀ. ಒಳಗೆ, ಹಿರಿಯ ಪ್ರಾಥಮಿಕ 3 ಕಿ.ಮೀ. ಒಳಗೆ ಇರಬೇಕು ಅನ್ನುವುದು ನಿಯಮ. ಶಾಲೆ ಮುಚ್ಚಿದ ಊರಿನ ಮಕ್ಕಳು ಅದಕ್ಕಿಂತ ದೂರ ನಡೆಯುತ್ತಿದ್ದರೆ ಸಮಿತಿಯಿಂದ ಬಿಇಒಗೆ ಒಂದು ಅರ್ಜಿ ಕೊಡಿಸಿ. ಅದಕ್ಕೆ ಉತ್ತರ ಬರುವ ತನಕ, ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಒಂದು ಆಟೋದ ತಿಂಗಳ ಬಾಡಿಗೆ ನಿಮ್ಮ ಬ್ಯಾಚಿನದಾಗಲಿ. ಆಟೋದವರು ಊರಿನವರೇ ಆಗಿರಲಿ, ಕೂರಿಸಬಹುದಾದಷ್ಟೇ ಮಕ್ಕಳನ್ನು ಕೂರಿಸಲಿ, ಬಾಡಿಗೆ ತಿಂಗಳ ಮೊದಲ ವಾರವೇ ಅವರ ಕೈ ಸೇರಲಿ.